ಆಟದ ನಡುವಿನ ಮಾತುಗಾರ: ಟಿ.ವಿ. ಕ್ರೀಡಾ ನಿರೂಪಕರ ವೃತ್ತಿಯ ಒಂದು ಸಮೀಕ್ಷೆ

2022ರ ಫೆಬ್ರುವರಿ 12ರಂದು ಬೆಂಗಳೂರಿನ ಹೋಟೆಲೊಂದರಲ್ಲಿ ಐಪಿಎಲ್ ಆಟಗಾರರ ಹರಾಜು ನಡೆದಿತ್ತು. ಶ್ರೀಲಂಕಾದ ವನಿಂದು ಹಸರಂಗ ಅವರಿಗೆ ಬಿಡ್ ಕೋಟಿಗಳಲ್ಲಿ ಏರುತ್ತಿದ್ದಾಗ, ಹರಾಜು ನಡೆಸುತ್ತಿದ್ದ ಹ್ಯೂ ಎಡ್ಮೀಡ್ಸ್ ರಕ್ತದೊತ್ತಡ ಇಳಿದು ವೇದಿಕೆಯ ಮೇಲೇ ಕುಸಿದುಬಿದ್ದರು. ಹತ್ತು ತಂಡಗಳ ಮಾಲೀಕರು ಎದುರಿಗೆ ಕೂತಿದ್ದರು, ದೇಶವಿಡೀ ನೇರಪ್ರಸಾರ ನೋಡುತ್ತಿತ್ತು. ಸಂಘಟಕರು ಫೋನ್ ಮಾಡಿದ್ದು ಅದೇ ಊರಿನಲ್ಲಿ ನೆಲೆಸಿರುವ ಹಿರಿಯ ಕ್ರೀಡಾ ನಿರೂಪಕ ಚಾರು ಶರ್ಮಾ ಅವರಿಗೆ. ಮನೆ ಹತ್ತಿರದಲ್ಲೇ ಇದ್ದುದರಿಂದ ಅವರು ಸ್ವಲ್ಪ ಹೊತ್ತಿನಲ್ಲೇ ಬಂದರು. ನಿಯಮಗಳನ್ನು ಕೇಳಿ ತಿಳಿದುಕೊಂಡು ಸುತ್ತಿಗೆ ಕೈಗೆತ್ತಿಕೊಂಡರು. ಹಸರಂಗ 10.75 ಕೋಟಿ ರೂಪಾಯಿಗೆ ರಾಯಲ್ ಚಾಲೆಂಜರ್ಸ್ ಪಾಲಾದರು, ಹರಾಜು ಏನೂ ಆಗಿಲ್ಲವೆಂಬಂತೆ ಮುಂದುವರಿಯಿತು.

ಕರೆದ ತಕ್ಷಣ ಬಂದು ಕೋಟ್ಯಂತರ ರೂಪಾಯಿಯ ವ್ಯವಹಾರವನ್ನು ತಡವರಿಸದೆ ನಡೆಸಿಕೊಡುವ ಶಕ್ತಿ ಒಂದು ದಿನದಲ್ಲಿ ಬರುವುದಿಲ್ಲ. ಅದರ ಹಿಂದೆ ದಶಕಗಳ ನೇರಪ್ರಸಾರದ ಪಳಗುವಿಕೆ ಇರುತ್ತದೆ. ಹಾಗಿದ್ದರೂ ಈ ಕೆಲಸವನ್ನು ಒಂದು ವೃತ್ತಿಯೆಂದು ನಾವು ಗಂಭೀರವಾಗಿ ನೋಡಿದ್ದು ಕಡಿಮೆ. ಆಟಗಾರರ ಬಗ್ಗೆ ಗ್ರಂಥಗಳಿವೆ, ಕಾಮೆಂಟರಿ ಹೇಳುವವರ ಬಗ್ಗೆ ಕಟ್ಟೆಯ ಮೇಲೆ ಚರ್ಚೆ ಇದೆ. ಆಟಕ್ಕೆ ಮೊದಲು, ಆಟದ ನಡುವೆ, ಆಟ ಮುಗಿದ ಮೇಲೆ ನಮ್ಮನ್ನು ಕೈಹಿಡಿದು ನಡೆಸುವ ನಿರೂಪಕರು ಎಲೆಮರೆಯ ಕಾಯಿಯಾಗಿಯೇ ಉಳಿದಿದ್ದಾರೆ. ಅವರು ಎಲ್ಲಿಂದ ಬರುತ್ತಾರೆ, ಎಷ್ಟು ಕಾಲ ಉಳಿಯುತ್ತಾರೆ, ಯಾರ ಮಾತು ಆಡುತ್ತಾರೆ? ಕನ್ನಡದಲ್ಲಿ ಕ್ರೀಡಾ ಪ್ರಸಾರ ಬೇರೂರುತ್ತಿರುವ ಈ ಹೊತ್ತಿನಲ್ಲಿ ಈ ಪ್ರಶ್ನೆಗಳನ್ನು ಒಟ್ಟಾಗಿ ಇಟ್ಟು ನೋಡಬೇಕಾಗಿದೆ.

ಕಿವಿಯಲ್ಲೊಂದು ದನಿ, ಬಾಯಲ್ಲೊಂದು ಮಾತು

ಮೊದಲು ಕೆಲಸ ಏನೆಂದು ನೋಡೋಣ. ಕಾಮೆಂಟರಿ ಹೇಳುವವರು ಕಣ್ಣೆದುರಿನ ಆಟವನ್ನು ಹಿಂಬಾಲಿಸುತ್ತಾರೆ. ಪರಿಣತರಾಗಿ ಕೂತ ಮಾಜಿ ಆಟಗಾರರು ಆಟದ ಒಳಸುಳಿಗಳನ್ನು ಬಿಡಿಸಿ ಹೇಳುತ್ತಾರೆ. ಇವರಿಬ್ಬರನ್ನೂ ಪ್ರೇಕ್ಷಕರನ್ನೂ ಜೋಡಿಸಿ, ಕಾರ್ಯಕ್ರಮವನ್ನು ಸಮಯಕ್ಕೆ ಸರಿಯಾಗಿ ಎತ್ತಿ, ಸಮಯಕ್ಕೆ ಸರಿಯಾಗಿ ಇಳಿಸುವುದು ನಿರೂಪಕರ ಕೆಲಸ. ಯಕ್ಷಗಾನದಲ್ಲಿ ವೇಷಧಾರಿಗಳು ಎಷ್ಟೇ ಮೆರೆದರೂ ಪ್ರಸಂಗದ ಹಗ್ಗ ಭಾಗವತರ ಕೈಯಲ್ಲಿರುತ್ತದಲ್ಲ, ಸ್ಟುಡಿಯೊದಲ್ಲಿ ಆ ಸ್ಥಾನ ನಿರೂಪಕರದು.

ಐಪಿಎಲ್ ಪಂದ್ಯದ ಒಂದು ಇನಿಂಗ್ಸ್ ವಿರಾಮವನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ವಿರಾಮ 20 ನಿಮಿಷದ್ದು. ಅದರಲ್ಲಿ ದೊಡ್ಡ ಪಾಲು ಜಾಹೀರಾತಿಗೆ ಹೋಗುತ್ತದೆ. ಉಳಿದ ತುಣುಕುಗಳಲ್ಲಿ ಸ್ಕೋರ್ ಹೇಳಬೇಕು, ಪ್ರಾಯೋಜಕರ ಹೆಸರುಗಳನ್ನು ಒಂದೂ ಬಿಡದೆ ಹೇಳಬೇಕು, ಇಬ್ಬರು ಪರಿಣತರಿಗೂ ಮಾತು ಹಂಚಬೇಕು, ಮೂರು ನಾಲ್ಕು ದೃಶ್ಯಗಳ ವಿಶ್ಲೇಷಣೆಗೆ ದಾರಿ ಮಾಡಿಕೊಡಬೇಕು. ಈ ಅಷ್ಟೂ ಹೊತ್ತು ಇಯರ್‌ಪೀಸ್‌ನಲ್ಲಿ ಪ್ರೊಡ್ಯೂಸರ್ ಮಾತನಾಡುತ್ತಲೇ ಇರುತ್ತಾರೆ. ಮುಂದಿನ ಕ್ಲಿಪ್ ಸಿದ್ಧವಿಲ್ಲ, ಇನ್ನೊಂದು ಪ್ರಶ್ನೆ ಕೇಳಿ ಎನ್ನುತ್ತಾರೆ. ಬ್ರೇಕ್‌ಗೆ ಹದಿನೈದು ಸೆಕೆಂಡ್ ಎನ್ನುತ್ತಾರೆ. ಹತ್ತರಿಂದ ಕೆಳಕ್ಕೆ ಎಣಿಸುತ್ತಾರೆ. ಪಕ್ಕದಲ್ಲಿ ಕೂತ ಮಾಜಿ ನಾಯಕರು ಆಗತಾನೇ ಒಂದು ಹಳೆಯ ಪಂದ್ಯದ ಕತೆ ಎತ್ತಿರುತ್ತಾರೆ. ಅವರ ಮುಖ ಕೆಡದಂತೆ ಆ ಕತೆಯನ್ನು ತುಂಡರಿಸಿ, ಎಣಿಕೆ ಸೊನ್ನೆಗೆ ಬರುವ ಹೊತ್ತಿಗೆ ವಾಕ್ಯ ಮುಗಿಸಬೇಕು. ಕಿವಿಗೆ ಒಂದು ಮಾತು ಬೀಳುತ್ತಿರುವಾಗ ಬಾಯಿಂದ ಇನ್ನೊಂದು ಮಾತು ಆಡುವ ಈ ಅಭ್ಯಾಸ ಕೈಗೂಡದೆ ಎಷ್ಟೋ ಒಳ್ಳೆಯ ಮಾತುಗಾರರು ಹಿಂದೆ ಸರಿದಿದ್ದಾರೆ.

ಮಳೆ ಬಂದರೆ ಕೆಲಸ ಇನ್ನೂ ಕಠಿಣ. ಹೊದಿಕೆ ಹಾಸಿದ ಮೈದಾನದ ಚಿತ್ರ ಬಿಟ್ಟರೆ ತೋರಿಸಲು ಏನೂ ಇರುವುದಿಲ್ಲ. ಗಂಟೆಗಟ್ಟಲೆ ಮಾತು ಮಾತ್ರವೇ ಪ್ರಸಾರ. ಅಂಥ ಹೊತ್ತಿನಲ್ಲಿ ಯಾರು ಓದಿಕೊಂಡು ಬಂದಿದ್ದಾರೆ, ಯಾರು ಬಂದಿಲ್ಲ ಎಂಬುದು ಪ್ರೇಕ್ಷಕರಿಗೆ ಹತ್ತೇ ನಿಮಿಷದಲ್ಲಿ ತಿಳಿದುಬಿಡುತ್ತದೆ. ಪಂದ್ಯ ಮುಗಿದ ಮೇಲೆ ಸೋತ ನಾಯಕನ ಮುಂದೆ ಮೈಕ್ ಹಿಡಿಯುವುದೂ ಅಷ್ಟೇ ಸೂಕ್ಷ್ಮ. ‘ಹೇಗನಿಸುತ್ತಿದೆ’ ಎಂದು ಕೇಳಿದರೆ ಒಣ ಉತ್ತರ ಬರುತ್ತದೆ. ‘ಹದಿನೆಂಟನೇ ಓವರ್ ಆ ಬೌಲರ್‌ಗೆ ಕೊಟ್ಟಿದ್ದೇಕೆ’ ಎಂದು ಕೇಳಿದರೆ ಆಟ ತೆರೆದುಕೊಳ್ಳುತ್ತದೆ. ಎರಡನೆಯ ಪ್ರಶ್ನೆ ಕೇಳಬೇಕಾದರೆ ಪಂದ್ಯವನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿರಬೇಕು.

ಉಪವೃತ್ತಿಯಿಂದ ವೃತ್ತಿಗೆ

ಬ್ರಿಟನ್ನಿನಲ್ಲಿ ಈ ಕೆಲಸ ಬೇಗನೆ ವೃತ್ತಿಯಾಯಿತು. ಬಿಬಿಸಿಯ ‘ಗ್ರ್ಯಾಂಡ್‌ಸ್ಟ್ಯಾಂಡ್’ 1958ರ ಅಕ್ಟೋಬರ್‌ನಲ್ಲಿ ಶುರುವಾಗಿ 2007ರವರೆಗೆ ನಡೆಯಿತು. ಶನಿವಾರ ಮಧ್ಯಾಹ್ನದ ಉದ್ದಕ್ಕೂ ಕುದುರೆ ರೇಸ್, ರಗ್ಬಿ, ಫುಟ್‌ಬಾಲ್ ಫಲಿತಾಂಶಗಳ ನಡುವೆ ಓಡಾಡುವ ಆ ಕಾರ್ಯಕ್ರಮವನ್ನು ಒಂದು ದಶಕ ಮುನ್ನಡೆಸಿದ ಡೇವಿಡ್ ಕೋಲ್ಮನ್, ಕ್ರೀಡಾ ನಿರೂಪಕ ಎಂದರೆ ಹೇಗಿರಬೇಕೆಂಬ ಮಾದರಿಯನ್ನೇ ಕಟ್ಟಿದರು. ಅವರು ಪತ್ರಿಕೆಯಲ್ಲಿ ವರದಿಗಾರರಾಗಿ ದುಡಿದು ಬಂದವರು. ಫಲಿತಾಂಶ ಪರದೆಯ ಮೇಲೆ ಮೂಡುತ್ತಿದ್ದಂತೆಯೇ ಆ ತಂಡಕ್ಕೆ ಇದು ಎಷ್ಟನೇ ಗೆಲುವು, ಪಟ್ಟಿಯಲ್ಲಿ ಎಲ್ಲಿಗೆ ಏರಿತು ಎಂದು ಚೀಟಿ ನೋಡದೆ ಹೇಳುತ್ತಿದ್ದುದು ಅವರ ಹೆಸರಿನ ಜತೆ ಉಳಿದುಕೊಂಡಿದೆ.

ನಮ್ಮಲ್ಲಿ ದಾರಿ ಬೇರೆಯಾಗಿತ್ತು. ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಕ್ರೀಡೆಯ ಮಾತು ಬಹುಮಟ್ಟಿಗೆ ಉಪವೃತ್ತಿ. ಆ ಕಾಲದ ಮನೆಮಾತಾದ ನರೋತ್ತಮ ಪುರಿ ವೃತ್ತಿಯಿಂದ ಕಿವಿ, ಮೂಗು, ಗಂಟಲಿನ ತಜ್ಞ ವೈದ್ಯರು. ಹಿಂದಿಯಲ್ಲಿ ಜಸದೇವ್ ಸಿಂಗ್ ಆಕಾಶವಾಣಿಯ ಶಿಸ್ತಿನಲ್ಲಿ ಬೆಳೆದು ಹಾಕಿ, ಒಲಿಂಪಿಕ್ಸ್, ಗಣರಾಜ್ಯೋತ್ಸವದ ಪೆರೇಡ್ ಎಲ್ಲಕ್ಕೂ ದನಿಯಾದರು. 2008ರಲ್ಲಿ ಪದ್ಮಭೂಷಣ ಪಡೆದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದೊಂದಿಗೆ ಬಣ್ಣದ ಟಿ.ವಿ. ಬಂದರೂ ಕ್ರೀಡಾ ನಿರೂಪಣೆಯನ್ನೇ ನಂಬಿ ಬದುಕುವ ಅವಕಾಶ ತೆರೆದುಕೊಂಡಿರಲಿಲ್ಲ.

ಅದನ್ನು ತೆರೆದದ್ದು ನ್ಯಾಯಾಲಯ ಮತ್ತು ಮಾರುಕಟ್ಟೆ. 1993ರ ಹೀರೊ ಕಪ್ ಪ್ರಸಾರದ ಹಕ್ಕಿನ ವಿಚಾರದಲ್ಲಿ ಬಂಗಾಳ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ಎದ್ದ ವ್ಯಾಜ್ಯದಲ್ಲಿ 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತು, ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು, ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಸಾರಿತು. ಇಎಸ್‌ಪಿಎನ್, ಸ್ಟಾರ್ ಸ್ಪೋರ್ಟ್ಸ್ ಬಂದವು. ದಿನದ 24 ಗಂಟೆ ಆಟ ತೋರಿಸುವ ಚಾನೆಲ್‌ಗೆ ದಿನದ 24 ಗಂಟೆ ಮಾತನಾಡುವವರು ಬೇಕಾದರು.

ಈ ತಿರುವಿನ ಅತ್ಯುತ್ತಮ ಉದಾಹರಣೆ ಹರ್ಷ ಭೋಗ್ಲೆ. ಹೈದರಾಬಾದಿನ ಹುಡುಗ, ಉಸ್ಮಾನಿಯಾದಲ್ಲಿ ಕೆಮಿಕಲ್ ಎಂಜಿನಿಯರಿಂಗ್, ಅಹಮದಾಬಾದಿನ ಐಐಎಂನಲ್ಲಿ ಮ್ಯಾನೇಜ್‌ಮೆಂಟ್. ಹತ್ತೊಂಬತ್ತನೇ ವಯಸ್ಸಿಗೇ ಆಕಾಶವಾಣಿಯಲ್ಲಿ ಕಾಮೆಂಟರಿ. 1991–92ರಲ್ಲಿ ಭಾರತ ತಂಡ ಆಸ್ಟ್ರೇಲಿಯಾಕ್ಕೆ ಹೋದಾಗ ಅಲ್ಲಿನ ಎಬಿಸಿ ರೇಡಿಯೊದಲ್ಲಿ ಮಾತನಾಡಿದರು. 1995ರಿಂದ ಇಎಸ್‌ಪಿಎನ್‌ನ ಮುಖವಾದರು. ಟೆಸ್ಟ್ ಆಡದ, ರಣಜಿಯನ್ನೂ ಆಡದ ಒಬ್ಬ ವ್ಯಕ್ತಿ ಸುನಿಲ್ ಗಾವಸ್ಕರ್, ರವಿ ಶಾಸ್ತ್ರಿ ಅಂಥವರ ನಡುವೆ ಕೂತು ಚರ್ಚೆಯನ್ನು ನಡೆಸಬಲ್ಲ ಎಂಬ ವಿಶ್ವಾಸವನ್ನು ಈ ದೇಶದ ಎಷ್ಟೋ ಯುವಕ, ಯುವತಿಯರಲ್ಲಿ ತುಂಬಿದ್ದು ಅವರು.

ಆಡಿದವರೇ ಮಾತಾಡಬೇಕೆ?

ಈ ವೃತ್ತಿಯಲ್ಲಿ ಇನ್ನೂ ಇತ್ಯರ್ಥವಾಗದ ವಾದ ಇದು. 2019ರ ನವೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ಭಾರತದ ಮೊದಲ ಹಗಲು–ರಾತ್ರಿ ಟೆಸ್ಟ್ ನಡೆದಾಗ ಅದು ನೇರಪ್ರಸಾರದಲ್ಲೇ ಸಿಡಿಯಿತು. ಗುಲಾಬಿ ಚೆಂಡು ಬ್ಯಾಟರ್‌ಗಳ ಕಣ್ಣಿಗೆ ಸರಿಯಾಗಿ ಬೀಳುತ್ತಿದೆಯೇ ಎಂದು ಆಟಗಾರರನ್ನೇ ಕೇಳಬೇಕು ಎಂದರು ಭೋಗ್ಲೆ. ಕೇಳುವ ಅಗತ್ಯ ನಿಮಗಿದೆ, ಆಡಿದ ನಮಗೆ ಅದು ತಾನಾಗಿ ತಿಳಿಯುತ್ತದೆ ಎಂಬರ್ಥದಲ್ಲಿ ಸಂಜಯ್ ಮಾಂಜ್ರೇಕರ್ ಉತ್ತರಿಸಿದರು. ಆಡಿದ ಅನುಭವ ಕಲಿಕೆಗೆ ಮಿತಿಯಾಗಬಾರದು ಎಂದು ಭೋಗ್ಲೆ ತಣ್ಣಗೆ ಹೇಳಿದರು. ತಾವು ನಡೆದುಕೊಂಡ ರೀತಿ ವೃತ್ತಿಗೆ ತಕ್ಕುದಾಗಿರಲಿಲ್ಲವೆಂದು ಮಾಂಜ್ರೇಕರ್ ಆಮೇಲೆ ಒಪ್ಪಿಕೊಂಡರು. ಅದು ಅವರ ದೊಡ್ಡತನ.

ಈ ಪ್ರಸಂಗದಲ್ಲಿ ನಾನು ಭೋಗ್ಲೆಯವರ ಪಕ್ಷ. ಪ್ರೇಕ್ಷಕರಲ್ಲಿ ಬಹುತೇಕರು ಟೆಸ್ಟ್ ಆಡಿದವರಲ್ಲ. ಅವರ ಮನಸ್ಸಿನ ಪ್ರಶ್ನೆಯನ್ನು ಕೇಳುವವರು ಸ್ಟುಡಿಯೊದಲ್ಲಿ ಒಬ್ಬರಾದರೂ ಇರಬೇಕು. ಎಲ್ಲರಿಗೂ ಎಲ್ಲವೂ ತಿಳಿದಿರುವ ಕೋಣೆಯಲ್ಲಿ ವಿವರಣೆಯೇ ಹುಟ್ಟುವುದಿಲ್ಲ.

ಹಾಗೆಂದು ಆಡಿದವರು ನಿರೂಪಕರಾಗಬಾರದೆಂದಲ್ಲ. ಈ ವೃತ್ತಿಯ ಇಬ್ಬರು ಮಹಾನ್ ಸಾಧಕರು ಆಟಗಾರರೇ. ಆಸ್ಟ್ರೇಲಿಯಾದ ರಿಚಿ ಬೆನೊ ಆಡುತ್ತಿದ್ದ ಕಾಲದಲ್ಲೇ ಪತ್ರಿಕೆಯಲ್ಲಿ ಅಪರಾಧ ಸುದ್ದಿಯ ವರದಿಗಾರಿಕೆ ಮಾಡಿದವರು. 1956ರ ಇಂಗ್ಲೆಂಡ್ ಪ್ರವಾಸ ಮುಗಿದ ಮೇಲೆ ಅವರು ಲಂಡನ್ನಿನಲ್ಲೇ ಉಳಿದು ಬಿಬಿಸಿಯ ಟಿ.ವಿ. ತರಬೇತಿ ಪಡೆದರು. ಆಗ ಅವರು ಆಸ್ಟ್ರೇಲಿಯಾದ ನಾಯಕರೂ ಆಗಿರಲಿಲ್ಲ. ಮುಂದೆ ಚಾನೆಲ್ ನೈನ್‌ನಲ್ಲಿ ದಶಕಗಳ ಕಾಲ ಕ್ರಿಕೆಟ್ ಪ್ರಸಾರದ ಮುಖವಾಗಿದ್ದ ಅವರ ಗುಟ್ಟು ಮಿತಭಾಷೆ. ಚಿತ್ರ ಹೇಳುತ್ತಿರುವುದನ್ನು ಬಾಯಿ ಮತ್ತೆ ಹೇಳಬಾರದೆಂಬ ನಿಯಮವನ್ನು ಅವರು ಬಿಡಲಿಲ್ಲ. ಇಂಗ್ಲೆಂಡಿನ ಗ್ಯಾರಿ ಲಿನೆಕರ್ 1986ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಆರು ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದವರು. ಆಟ ಬಿಟ್ಟ ಮೇಲೆ ರೇಡಿಯೊದಿಂದ ಶುರುಮಾಡಿ, ಸಣ್ಣ ಕಾರ್ಯಕ್ರಮಗಳಲ್ಲಿ ಪಳಗಿ, 1999ರಲ್ಲಿ ಬಿಬಿಸಿಯ ಫುಟ್‌ಬಾಲ್ ಕಾರ್ಯಕ್ರಮ ‘ಮ್ಯಾಚ್ ಆಫ್ ದಿ ಡೇ’ಯ ಕುರ್ಚಿಗೆ ಬಂದರು; 2025ರ ಮೇ ತಿಂಗಳವರೆಗೆ ಅಲ್ಲಿದ್ದರು. ಇಬ್ಬರೂ ತಮ್ಮ ಆಟದ ಹೆಸರನ್ನು ನೆಚ್ಚಿ ಕೂರಲಿಲ್ಲ, ಹೊಸ ಕಸುಬನ್ನು ಮೊದಲಿನಿಂದ ಕಲಿತರು. ಆಡಿರುವುದು ಅರ್ಹತೆಗಳಲ್ಲಿ ಒಂದು. ಕಲಿಯುವುದನ್ನು ಅದು ತಪ್ಪಿಸಲಾರದು.

ಮಹಿಳೆಯರು ಸವೆಸಿದ ಹಾದಿ

1975ರಲ್ಲಿ ಅಮೆರಿಕದ ಸಿಬಿಎಸ್ ತನ್ನ ಫುಟ್‌ಬಾಲ್ ಕಾರ್ಯಕ್ರಮಕ್ಕೆ ಮಾಜಿ ಮಿಸ್ ಅಮೆರಿಕ ಫಿಲಿಸ್ ಜಾರ್ಜ್ ಅವರನ್ನು ಸೇರಿಸಿಕೊಂಡಾಗ, ಇವರಿಗೆ ಆಟ ಏನು ಗೊತ್ತು ಎಂಬ ಪ್ರಶ್ನೆ ಎದ್ದಿತ್ತು. ಇಪ್ಪತ್ತೆಂಟು ವರ್ಷದ ನಂತರ ನಮ್ಮಲ್ಲೂ ಅದೇ ಪ್ರಶ್ನೆ ಎದ್ದಿತು. 2003ರ ಕ್ರಿಕೆಟ್ ವಿಶ್ವಕಪ್‌ಗೆ ಸೋನಿಯ ಸೆಟ್ ಮ್ಯಾಕ್ ‘ಎಕ್ಸ್‌ಟ್ರಾ ಇನಿಂಗ್ಸ್’ ಕಾರ್ಯಕ್ರಮಕ್ಕೆ ‘ಶಾಂತಿ’ ಧಾರಾವಾಹಿಯ ಮಂದಿರಾ ಬೇಡಿಯವರನ್ನು ಕರೆತಂದಿತು. ಅವರ ಜತೆಗಿದ್ದ ಅನುಭವಿ, ಇದೇ ಚಾರು ಶರ್ಮಾ.

ಮಂದಿರಾ ಅವರ ಸೀರೆ, ರವಿಕೆಗಳ ಬಗ್ಗೆ ಪತ್ರಿಕೆಗಳು ಪುಟ ತುಂಬಿಸಿದವು. ಮೊದಮೊದಲು ಪಕ್ಕದಲ್ಲಿ ಕೂತ ಮಾಜಿ ಆಟಗಾರರು ತಮ್ಮ ಪ್ರಶ್ನೆಗಳನ್ನು ಗಂಭೀರವಾಗಿ ತೆಗೆದುಕೊಳ್ಳುತ್ತಿರಲಿಲ್ಲವೆಂದು ಅವರೇ ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅವರನ್ನು ಅಲಂಕಾರವೆಂದು ಕರೆದವರು ಒಂದು ಸಂಗತಿಯನ್ನು ಮರೆತರು. ಅಲಂಕಾರದಂತೆ ಕೂರಿಸುವ ನಿರ್ಧಾರ ಚಾನೆಲ್‌ನದಾಗಿತ್ತು, ಆ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳಿದ್ದು ಅವರು. ಕ್ರಿಕೆಟ್ಟಿನತ್ತ ಅಷ್ಟಾಗಿ ಮುಖ ಮಾಡದಿದ್ದ ಮನೆಮಂದಿ ಟಿ.ವಿ. ಮುಂದೆ ಕೂತರು. ಅವರ ಹಿಂದೆ ಬಂದವರಿಗೆ ಬಾಗಿಲು ಅರ್ಧ ತೆರೆದೇ ಇತ್ತು.

ಆ ಬಾಗಿಲನ್ನು ಪೂರ್ತಿ ತೆರೆದವರಲ್ಲಿ ಮುಖ್ಯರು ಮಯಂತಿ ಲ್ಯಾಂಗರ್. 2010ರ ಫುಟ್‌ಬಾಲ್ ವಿಶ್ವಕಪ್ ಕಾರ್ಯಕ್ರಮದಿಂದ ಹೆಸರು ಮಾಡಿ, ಕ್ರಿಕೆಟ್, ಫುಟ್‌ಬಾಲ್ ಎರಡರಲ್ಲೂ ವಿಷಯ ತಿಳಿದು ಮಾತನಾಡುವವರು ಎನಿಸಿಕೊಂಡರು. ಕರ್ನಾಟಕದ ಆಲ್‌ರೌಂಡರ್ ಸ್ಟುವರ್ಟ್ ಬಿನ್ನಿ ಅವರ ಪತ್ನಿಯಾದ್ದರಿಂದ ಅವರು ತೆತ್ತ ಬೆಲೆಯೇ ಬೇರೆ. 2016ರ ಆಗಸ್ಟ್‌ನಲ್ಲಿ ಫ್ಲಾರಿಡಾದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಬಿನ್ನಿ ಅವರ ಒಂದು ಓವರ್‌ನಲ್ಲಿ 32 ರನ್ ಹೋದಾಗ ಸಾಮಾಜಿಕ ಜಾಲತಾಣದ ಬೈಗುಳ ಸುರಿದದ್ದು ಹೆಂಡತಿಯ ಮೇಲೂ. ಗಂಡನ ಬೌಲಿಂಗ್‌ಗೂ ಹೆಂಡತಿಯ ವೃತ್ತಿಗೂ ಸಂಬಂಧ ಕಲ್ಪಿಸುವ ಈ ಕೀಳುತನವನ್ನು ಪುರುಷ ನಿರೂಪಕರು ಎದುರಿಸಬೇಕಾಗಿ ಬಂದಿಲ್ಲ. ಅದೇ ವರ್ಷದ ಜನವರಿಯಲ್ಲಿ ಆಸ್ಟ್ರೇಲಿಯಾದ ಬಿಗ್ ಬ್ಯಾಷ್‌ನಲ್ಲಿ ಕ್ರಿಸ್ ಗೇಲ್ ತಮ್ಮನ್ನು ಸಂದರ್ಶಿಸುತ್ತಿದ್ದ ಮೆಲ್ ಮೆಕ್‌ಲಾಕ್ಲಿನ್ ಅವರ ಕಣ್ಣುಗಳನ್ನು ಹೊಗಳಿ, ಕುಡಿಯಲು ಜತೆಗೆ ಬರುವಂತೆ ನೇರಪ್ರಸಾರದಲ್ಲೇ ಕೇಳಿದರು. ಅವರ ತಂಡ ಮೆಲ್ಬರ್ನ್ ರೆನೆಗೇಡ್ಸ್ 10,000 ಡಾಲರ್ ದಂಡ ಹಾಕಿತು. ಕೆಲಸದ ಜಾಗದಲ್ಲಿರುವ ಮಹಿಳೆಯನ್ನು ಕೆಲಸಗಾರಳಾಗಿ ನೋಡಿ ಎಂಬ ಪಾಠಕ್ಕೆ ಅಂದು ಜಗತ್ತೇ ಸಾಕ್ಷಿಯಾಯಿತು.

ಬದಲಾವಣೆ ಆಗಿದೆ. ಲಿನೆಕರ್ ತೆರವು ಮಾಡಿದ ಸ್ಥಾನಕ್ಕೆ ಬಿಬಿಸಿ ಮೂವರನ್ನು ನೇಮಿಸಿತು; ಅವರಲ್ಲಿ ಇಬ್ಬರು ಗ್ಯಾಬಿ ಲೋಗನ್ ಮತ್ತು ಕೆಲ್ಲಿ ಕೇಟ್ಸ್, ಮೂರನೆಯವರು ಮಾರ್ಕ್ ಚ್ಯಾಪ್ಮನ್. 1964ರಲ್ಲಿ ಶುರುವಾದ ಕಾರ್ಯಕ್ರಮದ ಮುಖ್ಯ ಸ್ಥಾನಕ್ಕೆ ಮಹಿಳೆಯರು ಬರಲು ಅರವತ್ತು ವರ್ಷವೇ ಬೇಕಾಯಿತು.

ಹಣ ಯಾರದೋ, ಮಾತೂ ಅವರದೇ?

ನನ್ನ ದೃಷ್ಟಿಯಲ್ಲಿ ಈ ವೃತ್ತಿಯ ಅತ್ಯಂತ ದೊಡ್ಡ ಪ್ರಶ್ನೆ ಇದೇ. 2022ರ ಜೂನ್‌ನಲ್ಲಿ ಐಪಿಎಲ್‌ನ ಐದು ವರ್ಷದ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಅಷ್ಟು ಹಣ ಸುರಿದವರು ತಮ್ಮ ಸರಕನ್ನು ತಮ್ಮ ಪರದೆಯ ಮೇಲೆ ಯಾರೂ ಟೀಕಿಸಬಾರದೆಂದು ಬಯಸುವುದು ಸಹಜ. ಕ್ರಿಕೆಟ್ ಮಂಡಳಿಯೇ ಪ್ರಸಾರದ ನಿರ್ಮಾಣವನ್ನೂ ಮಾತುಗಾರರ ಆಯ್ಕೆಯನ್ನೂ ಕೈಯಲ್ಲಿಟ್ಟುಕೊಂಡ ಮೇಲೆ ಮಂಡಳಿಯನ್ನು ಪ್ರಶ್ನಿಸುವ ಮಾತು ಕಾಮೆಂಟರಿ ಪೆಟ್ಟಿಗೆಯಲ್ಲಿ ಅಪರೂಪವಾಯಿತು.

2016ರ ಮಾರ್ಚ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಟಿ–20 ವಿಶ್ವಕಪ್ ಪಂದ್ಯದಲ್ಲಿ ಬಾಂಗ್ಲಾದೇಶವನ್ನು ಒಂದೇ ರನ್‌ನಿಂದ ಸೋಲಿಸಿತು. ಅದಾದ ಮೇಲೆ, ಭಾರತದ ಕಾಮೆಂಟೇಟರ್ ಎದುರಾಳಿಗಳಿಗಿಂತ ನಮ್ಮ ಆಟಗಾರರ ಬಗ್ಗೆ ಹೆಚ್ಚು ಮಾತನಾಡಬೇಕೆಂಬರ್ಥದ ಟ್ವೀಟನ್ನು ಅಮಿತಾಭ್ ಬಚ್ಚನ್ ಹಾಕಿದರು, ನಾಯಕ ಎಂ.ಎಸ್. ಧೋನಿ ಅದಕ್ಕೆ ದನಿಗೂಡಿಸಿದರು. ಎರಡೂ ದೇಶಗಳ ಪ್ರೇಕ್ಷಕರು ಕೇಳುವ ಪ್ರಸಾರದಲ್ಲಿ ಸಮತೋಲನ ಬೇಕಾಗುತ್ತದೆ ಎಂಬುದು ಭೋಗ್ಲೆಯವರ ನಿಲುವಾಗಿತ್ತು. ಕೆಲವೇ ವಾರಗಳಲ್ಲಿ ಆ ವರ್ಷದ ಐಪಿಎಲ್ ಮಾತುಗಾರರ ಪಟ್ಟಿಯಿಂದ ಅವರ ಹೆಸರು ಇಲ್ಲವಾಯಿತು. ಟ್ವೀಟಿಗೂ ಇದಕ್ಕೂ ಸಂಬಂಧವಿದೆಯೆಂದು ಯಾರೂ ಅಧಿಕೃತವಾಗಿ ಹೇಳಲಿಲ್ಲ. ಕಾರಣವೇನೆಂದು ಅವರಿಗೂ ತಿಳಿಸಲಿಲ್ಲ. ಎರಡು ಋತು ಹೊರಗಿದ್ದು 2018ರಲ್ಲಿ ಅವರು ಮರಳಿದರು. ಕಾರಣ ಕೊಡದೆ ತೆಗೆದುಹಾಕಬಹುದಾದ ಕೆಲಸದಲ್ಲಿರುವವರು ಪ್ರಶ್ನೆ ಕೇಳುವ ಮುನ್ನ ಎರಡು ಸಲ ಯೋಚಿಸುತ್ತಾರೆ. ಅದರ ನಷ್ಟ ಕೊನೆಗೆ ಪ್ರೇಕ್ಷಕರಿಗೆ.

ಬ್ರಿಟನ್ನಿನ ಅನುಭವ ಇನ್ನೊಂದು ಮಗ್ಗುಲು ತೋರಿಸುತ್ತದೆ. 2023ರ ಮಾರ್ಚ್‌ನಲ್ಲಿ ಸರ್ಕಾರದ ವಲಸೆ ನೀತಿಯನ್ನು ಟ್ವಿಟರ್‌ನಲ್ಲಿ ಟೀಕಿಸಿದ್ದಕ್ಕೆ ಬಿಬಿಸಿ ಲಿನೆಕರ್ ಅವರನ್ನು ಕಾರ್ಯಕ್ರಮದಿಂದ ದೂರವಿಟ್ಟಿತು. ಸಹೋದ್ಯೋಗಿಗಳಾದ ಇಯಾನ್ ರೈಟ್, ಅಲನ್ ಶಿಯರರ್ ತಾವೂ ಬರುವುದಿಲ್ಲವೆಂದರು. ಆ ಶನಿವಾರ ‘ಮ್ಯಾಚ್ ಆಫ್ ದಿ ಡೇ’ ನಿರೂಪಕರಿಲ್ಲದೆ, ಕಾಮೆಂಟರಿಯಿಲ್ಲದೆ 20 ನಿಮಿಷ ಪ್ರಸಾರವಾಯಿತು. ಕೆಲವೇ ದಿನಗಳಲ್ಲಿ ಅವರು ವಾಪಸಾದರು. ಎರಡು ವರ್ಷದ ಬಳಿಕ ಇನ್ನೊಂದು ಪೋಸ್ಟ್ ವಿವಾದವಾದಾಗ ಅವರು ಕ್ಷಮೆ ಕೇಳಿ ಹುದ್ದೆಯನ್ನೇ ಬಿಟ್ಟರು. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯ ನಿರೂಪಕರು ಆಟದ ಆಚೆಗೆ ಎಷ್ಟು ಮಾತನಾಡಬಹುದು ಎಂಬುದರಲ್ಲಿ ಎರಡು ಅಭಿಪ್ರಾಯಗಳಿಗೆ ಜಾಗವಿದೆ. ಆಟದ ಒಳಗೆ, ಆಡಳಿತದ ತಪ್ಪಿನ ಬಗ್ಗೆ, ಆಯ್ಕೆಯ ಬಗ್ಗೆ, ಪಿಚ್‌ನ ಬಗ್ಗೆ ಮುಕ್ತವಾಗಿ ಕೇಳುವ ಹಕ್ಕು ನಿರೂಪಕರಿಗೆ ಇರಲೇಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಆಟ ನಿಂತ ಗಳಿಗೆಯಲ್ಲಿ

ನಿರೂಪಕರು ಮೂಲತಃ ಪತ್ರಕರ್ತರಾಗಿರಬೇಕು ಎಂಬುದಕ್ಕೆ ಇತಿಹಾಸದ ಒಂದು ದಿನವೇ ಸಾಕು. 1972ರ ಸೆಪ್ಟೆಂಬರ್ 5. ಮ್ಯೂನಿಕ್ ಒಲಿಂಪಿಕ್ಸ್‌ನ ಕ್ರೀಡಾಗ್ರಾಮಕ್ಕೆ ನುಗ್ಗಿದ ಉಗ್ರರು ಇಸ್ರೇಲಿನ ಕ್ರೀಡಾಪಟುಗಳು ಮತ್ತು ತರಬೇತುದಾರರನ್ನು ಒತ್ತೆ ಹಿಡಿದರು. ಅಮೆರಿಕದ ಎಬಿಸಿಯ ಕ್ರೀಡಾ ನಿರೂಪಕ ಜಿಮ್ ಮೆಕೇ ಅವರಿಗೆ ಅಂದು ರಜೆ. ಕರೆ ಬಂದೊಡನೆ ಸ್ಟುಡಿಯೊಗೆ ಬಂದು ಕೂತ ಅವರು ಹದಿನಾಲ್ಕು ಗಂಟೆಗೂ ಹೆಚ್ಚು ಕಾಲ ಪ್ರಸಾರವನ್ನು ಮುನ್ನಡೆಸಿದರು. ಒತ್ತೆಯಾಳುಗಳೆಲ್ಲ ಪಾರಾದರೆಂಬ ಸುದ್ದಿ ನಡುವೆ ಹಬ್ಬಿತ್ತು. ಅದು ಸುಳ್ಳೆಂದು ಕೊನೆಗೆ ಖಚಿತವಾದಾಗ, ಹನ್ನೊಂದು ಮಂದಿಯೂ ಇಲ್ಲವಾದರೆಂಬ ಮಾತನ್ನು ನಾಟಕೀಯತೆ ಇಲ್ಲದೆ, ದನಿ ಏರಿಸದೆ ದೇಶಕ್ಕೆ ಹೇಳಿದವರು ಅವರು. ಪ್ರಾಣ ಕಳೆದುಕೊಂಡವರೊಬ್ಬರ ತಂದೆ–ತಾಯಿ ಅಮೆರಿಕದಲ್ಲಿ ಅದೇ ಪ್ರಸಾರ ನೋಡುತ್ತಿರಬಹುದು ಎಂಬ ಎಚ್ಚರ ತಮ್ಮಲ್ಲಿತ್ತೆಂದು ಆಮೇಲೆ ಹೇಳಿದರು. ಆ ದಿನದ ಕೆಲಸಕ್ಕೆ ಅವರಿಗೆ ಸುದ್ದಿ ವಿಭಾಗದಲ್ಲೂ ಎಮ್ಮಿ ಪ್ರಶಸ್ತಿ ಬಂತು.

ಇದು ಎಲ್ಲೋ ನಡೆದ ಹಳೆಯ ಕತೆ ಎಂದು ಕನ್ನಡಿಗರು ಸುಮ್ಮನಿರುವಂತಿಲ್ಲ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಸಲ ಐಪಿಎಲ್ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ಹೊರಗೆ ಸಾವು, ಒಳಗೆ ಸಂಭ್ರಮ. ಅಂಥ ಗಳಿಗೆಯಲ್ಲಿ ಮೈಕ್ ಹಿಡಿದವರು ದನಿ ತಗ್ಗಿಸಬಲ್ಲರೇ, ಖಚಿತವಾಗದ್ದನ್ನು ಹೇಳದೆ ತಡೆದುಕೊಳ್ಳಬಲ್ಲರೇ, ಹಾಡು–ಕುಣಿತ ನಿಲ್ಲಿಸಿ ಎಂದು ಕೇಳಬಲ್ಲರೇ? ಗೆಲುವಿನ ಕೇಕೆಯನ್ನು ಯಾರು ಬೇಕಾದರೂ ಹಾಕಬಹುದು. ತರಬೇತಾದ ನಿರೂಪಕರ ಬೆಲೆ ತಿಳಿಯುವುದು ಇಂಥ ದಿನ.

ಕನ್ನಡದಲ್ಲಿ ಏನಾಗಿದೆ, ಏನಾಗಬೇಕು

ಕನ್ನಡಕ್ಕೆ ವೀಕ್ಷಕ ವಿವರಣೆ ಹೊಸದಲ್ಲ. ಮೈಸೂರು ದಸರೆಯ ಜಂಬೂಸವಾರಿಯನ್ನು ಆಕಾಶವಾಣಿಯಲ್ಲಿ ಕೇಳಿಯೇ ಕಂಡವರು ಲಕ್ಷಾಂತರ ಜನ. ಕರಾವಳಿಯ ಕಂಬಳದ ಕರೆಯಲ್ಲಿ ಕೋಣಗಳ ಯಜಮಾನರ ಹೆಸರು, ಓಡಿಸುವವರ ಹೆಸರು, ಹಿಂದಿನ ಕೂಟದ ಫಲಿತಾಂಶವನ್ನು ನಿರರ್ಗಳವಾಗಿ ಹೇಳುವ ಉದ್ಘೋಷಕರಿದ್ದಾರೆ. ಊರ ಕಬಡ್ಡಿ, ವಾಲಿಬಾಲ್ ಟೂರ್ನಿಗಳಲ್ಲಿ ಇಡೀ ರಾತ್ರಿ ಮೈಕ್ ಬಿಡದೆ ಜನರನ್ನು ಹಿಡಿದಿಡುವವರಿದ್ದಾರೆ. ಪ್ರತಿಭೆಗೆ ನಮ್ಮಲ್ಲಿ ಬರವಿಲ್ಲ.

ಟಿ.ವಿ.ಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಈಚೆಗೆ. 2018ರಲ್ಲಿ ಐಪಿಎಲ್ ಆರು ಭಾಷೆಗಳಲ್ಲಿ ಪ್ರಸಾರವಾದಾಗ ಕನ್ನಡವೂ ಅವುಗಳಲ್ಲಿ ಒಂದಾಗಿತ್ತು. ಹೆಚ್ಚು ತಡವಿಲ್ಲದೆ ಕನ್ನಡಕ್ಕೆಂದೇ ಸ್ಟಾರ್ ಸ್ಪೋರ್ಟ್ಸ್ ಚಾನೆಲ್ ಬಂತು. 2023ರಲ್ಲಿ ಜಿಯೊಸಿನಿಮಾ 12 ಭಾಷೆಗಳಲ್ಲಿ ಐಪಿಎಲ್ ತೋರಿಸಿತು. 1999ರಲ್ಲಿ ನೈರೋಬಿಯ ಎಲ್‌ಜಿ ಕಪ್‌ನಲ್ಲಿ ಸರಣಿ ಶ್ರೇಷ್ಠರಾಗಿದ್ದ ವಿಜಯ್ ಭಾರದ್ವಾಜ್, ಕಡೂರಿನ ವೇದಾ ಕೃಷ್ಣಮೂರ್ತಿ ಅಂಥ ಆಟಗಾರರು ಕನ್ನಡದಲ್ಲಿ ಆಟ ಬಿಡಿಸಿ ಹೇಳತೊಡಗಿದರು. ಚಾರು ಶರ್ಮಾ ಅವರು ಆನಂದ್ ಮಹೀಂದ್ರಾ ಜತೆಗೂಡಿ ಕಟ್ಟಿದ ಪ್ರೊ ಕಬಡ್ಡಿ 2014ರಿಂದ ನಡೆಯುತ್ತಿದ್ದು, ಕನ್ನಡ ಪ್ರಸಾರಕ್ಕೆ ಇನ್ನೊಂದು ನೆಲೆ ಒದಗಿಸಿದೆ.

ಕೊರತೆಗಳನ್ನೂ ಹೇಳಬೇಕು. ಐಪಿಎಲ್ ಎರಡು ತಿಂಗಳು, ಕಬಡ್ಡಿ ಎರಡು ಮೂರು ತಿಂಗಳು. ಉಳಿದ ಕಾಲ ಕನ್ನಡದ ಕ್ರೀಡಾ ನಿರೂಪಕರು ಹೊಟ್ಟೆಪಾಡಿಗೆ ಬೇರೆ ದಾರಿ ನೋಡಿಕೊಳ್ಳಬೇಕು: ಸಭೆ–ಸಮಾರಂಭದ ನಿರೂಪಣೆ, ಎಫ್‌ಎಂ, ಧಾರಾವಾಹಿ. ಹೀಗೆ ಋತುಮಾನದ ಕೆಲಸವಾದಾಗ ಸಿದ್ಧತೆ ಸೊರಗುತ್ತದೆ. ಸಿದ್ಧತೆ ಸೊರಗಿದ ಜಾಗವನ್ನು ಸಿನಿಮಾ ಡೈಲಾಗು, ಪ್ರಾಸ, ಕಿರುಚಾಟ ತುಂಬುತ್ತವೆ. ಗಮ್ಮತ್ತು ಬೇಡವೆಂದಲ್ಲ, ಗಮ್ಮತ್ತಿನ ಕೆಳಗೆ ವಿಷಯ ಇರಬೇಕು. ಅಭಿಮಾನಿಯ ಉತ್ಸಾಹ ನಿರೂಪಕರಲ್ಲಿರಲಿ; ತಮ್ಮ ತಂಡ ಕೆಟ್ಟದಾಗಿ ಆಡಿದಾಗ ಅದನ್ನು ಹೇಳುವ ಧೈರ್ಯವೂ ಇರಲಿ. ಮಂಗಳೂರು, ಧಾರವಾಡ, ಕಲಬುರ್ಗಿ, ಚಾಮರಾಜನಗರದ ಕನ್ನಡಗಳು ಈ ಪರದೆಯ ಮೇಲೆ ಸಮಾನ ಗೌರವದಿಂದ ಕೇಳಿಸಲಿ.

ವರ್ಷವಿಡೀ ಕೆಲಸ ಕೊಡುವಷ್ಟು ಆಟ ನಮ್ಮ ನೆಲದಲ್ಲೇ ಇದೆ. ಕೊಡಗಿನ ಕೌಟುಂಬಿಕ ಹಾಕಿ ಹಬ್ಬ 1997ರಿಂದ ನಡೆದುಬಂದಿದೆ, 300ಕ್ಕೂ ಹೆಚ್ಚು ಕುಟುಂಬ ತಂಡಗಳು ಸೇರುತ್ತವೆ. ಮಹಾರಾಜ ಟ್ರೋಫಿ ಟಿ–20 2022ರಿಂದ ನಡೆಯುತ್ತಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಭಾರತ ಗೆದ್ದ ಮೊದಲ ಖೊಖೊ ವಿಶ್ವಕಪ್ ತಂಡಗಳಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಬಿ. ಚೈತ್ರಾ ಇದ್ದರು, ಮಂಡ್ಯದ ಎಂ.ಕೆ. ಗೌತಮ್ ಇದ್ದರು. ಈ ಆಟಗಳನ್ನು ತೋರಿಸುವ, ಇವರನ್ನು ಕೂರಿಸಿ ಮಾತನಾಡಿಸುವ ಕನ್ನಡ ಕಾರ್ಯಕ್ರಮ ಪ್ರತಿ ವಾರ ಬರಲಿ. ಪತ್ರಿಕೋದ್ಯಮ ವಿಭಾಗಗಳು ಕ್ರೀಡಾ ಪ್ರಸಾರವನ್ನು ಒಂದು ಪತ್ರಿಕೆಯಾಗಿ ಪಾಠಪಟ್ಟಿಗೆ ಸೇರಿಸಲಿ. ಇಯರ್‌ಪೀಸ್ ಹಾಕಿಕೊಂಡು ನೇರಪ್ರಸಾರ ನಡೆಸುವ ಅಭ್ಯಾಸ ವಿದ್ಯಾರ್ಥಿಗಳಿಗೆ ತರಗತಿಯಲ್ಲೇ ಆಗಲಿ. ಚಾನೆಲ್‌ಗಳು ದಿನಗೂಲಿಯ ಲೆಕ್ಕ ಬಿಟ್ಟು ವರ್ಷದ ಒಪ್ಪಂದ ಮಾಡಿಕೊಳ್ಳಲಿ, ತೆಗೆಯುವುದಾದರೆ ಕಾರಣ ಹೇಳಿ ತೆಗೆಯಲಿ.

ಈ ದಾರಿ ಹಿಡಿಯಬೇಕೆಂದಿರುವ ಹುಡುಗ ಹುಡುಗಿಯರಿಗೆ ಈ ಸಮೀಕ್ಷೆಯ ಸಾರ ಇಷ್ಟು. ಕೋಲ್ಮನ್, ಬೆನೊ, ಮೆಕೇ, ಭೋಗ್ಲೆ, ಮಯಂತಿ — ಉಳಿದುಕೊಂಡವರೆಲ್ಲ ಓದಿಕೊಂಡು ಬಂದವರು, ಕೇಳಿಸಿಕೊಳ್ಳಲು ಕಲಿತವರು. ಮುಖ, ದನಿ, ಅದೃಷ್ಟ ಒಂದೆರಡು ಋತು ದಾಟಿಸುತ್ತವೆ, ಆಮೇಲೆ ದಾಟಿಸುವುದು ಸಿದ್ಧತೆ. ನಿಮ್ಮೂರಿನ ಮುಂದಿನ ಕಬಡ್ಡಿ ಟೂರ್ನಿಗೆ ಹೋಗಿ, ಎರಡೂ ತಂಡಗಳ ಹದಿನಾಲ್ಕು ಮಂದಿಯ ಹೆಸರು, ಊರು, ಹಿಂದಿನ ಆಟ ತಿಳಿದುಕೊಂಡು ಮೈಕ್ ಕೇಳಿ. ಪ್ರೇಕ್ಷಕರಿಗೂ ಒಂದು ಮನವಿ: ಒಳ್ಳೆಯ ಪ್ರಶ್ನೆ ಕೇಳಿದ ನಿರೂಪಕರನ್ನು ಹೆಸರು ಹಿಡಿದು ಮೆಚ್ಚಿ, ಬರಿದೇ ಕಿರುಚಿದವರ ಬಗ್ಗೆ ಚಾನೆಲ್‌ಗೆ ಬರೆದು ತಿಳಿಸಿ. ಎಂಥ ಮಾತಿಗೆ ನಾವು ಕಿವಿಗೊಡುತ್ತೇವೆಯೋ ಅಂಥ ಮಾತುಗಾರರೇ ನಮಗೆ ಸಿಗುತ್ತಾರೆ.